‘ನನ್ನ ಮಗ ಎಲ್ಲಿ?’ — ದಸ್ತಗಿರಿಯಾದವನ ಹಕ್ಕುಗಳು ನಡೆದು ಬಂದ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಸಂಘದ ಹಿರಿಯರೊಬ್ಬರ ಮನೆಗೆ ಫೋನು ಬಂತು. ಎರ್ನಾಕುಳಂನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರದ ಕಡೆಯ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಗಲ್ಲೆಯ ಹಣ ಕಳುವಾಗಿದೆಯಂತೆ. ಹುಡುಗನಿಗೆ ಮಲೆಯಾಳ ಸರಿಯಾಗಿ ಬಾರದು. ಊರಿನಲ್ಲಿರುವ ತಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನಾವು ನಾಲ್ಕು ಜನ ಸೇರಿದೆವು. ಒಬ್ಬರು ‘ಬೆಳಗಾಗಲಿ’ ಎಂದರು. ಇನ್ನೊಬ್ಬರು ‘ಯಾರಾದರೂ ದೊಡ್ಡವರಿಂದ ಒಂದು ಮಾತು ಹೇಳಿಸೋಣ’ ಎಂದರು. ಮೂರನೆಯವರು ‘ತಪ್ಪು ಮಾಡದಿದ್ದರೆ ಬಿಟ್ಟೇ ಬಿಡುತ್ತಾರಲ್ಲ’ ಎಂದರು. ಠಾಣೆಗೆ ಹೋಗಿ ಏನು ಕೇಳಬೇಕು, ಏನು ಕೇಳುವ ಅಧಿಕಾರ ನಮಗಿದೆ ಎಂಬುದು ನಾಲ್ವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಮರುದಿನ ಕಳುವಾದ ಹಣದ ಲೆಕ್ಕ ಬೇರೆ ಕಡೆ ಸಿಕ್ಕಿ, ಹುಡುಗ ಮನೆಗೆ ಬಂದ. ಬಂದವನು ಹೇಳಿದ ಒಂದು ಮಾತು ಮಾತ್ರ ನಮ್ಮನ್ನು ಇಂದಿಗೂ ಚುಚ್ಚುತ್ತಿದೆ: ‘ಒಂದು ಕಾಗದಕ್ಕೆ ಸಹಿ ಹಾಕು ಅಂದರು, ಹಾಕಿದೆ. ಏನು ಬರೆದಿತ್ತೋ ಗೊತ್ತಿಲ್ಲ.’ ರಾಜ್ಯೋತ್ಸವಕ್ಕೆ ಚಪ್ಪರ ಹಾಕುವುದು ನಮಗೆ ಗೊತ್ತಿತ್ತು. ಯಕ್ಷಗಾನದ ಮೇಳವನ್ನು ಕರೆಸುವುದು ಗೊತ್ತಿತ್ತು. ನಮ್ಮ ಊರಿನ ಹುಡುಗ ಠಾಣೆಯ ಬೆಂಚಿನ ಮೇಲೆ ಕುಳಿತ ರಾತ್ರಿ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ ಲೇಖನವಿದು.

ಈ ಬಗ್ಗೆ ಓದುತ್ತ ಹೋದಂತೆ ನಮಗೆ ಒಂದು ಸಂಗತಿ ಆಶ್ಚರ್ಯ ತಂದಿತು. ಇಂದು ದೇಶದಲ್ಲಿ ದಸ್ತಗಿರಿಯಾದವನಿಗೆ ಇರುವ ರಕ್ಷಣೆಗಳ ಚರಿತ್ರೆಯಲ್ಲಿ ಹಲವು ಮುಖ್ಯ ಅಧ್ಯಾಯಗಳು ನಡೆದದ್ದು ನಾವು ಅನ್ನ ಹುಡುಕಿಕೊಂಡು ಬಂದ ಈ ಕೇರಳದಲ್ಲಿಯೇ. 1956ರ ನವೆಂಬರ್ 1ರಂದು ಕೇರಳ ರಾಜ್ಯವಾದಾಗ ಸೆಕ್ರೆಟೇರಿಯಟ್ಟು ತಿರುವನಂತಪುರದಲ್ಲಿ ಉಳಿಯಿತು, ಹೈಕೋರ್ಟು ಎರ್ನಾಕುಳಂನಲ್ಲಿ ಸ್ಥಾಪನೆಯಾಯಿತು. ಆಳುವವರು ಒಂದು ಊರಿನಲ್ಲಿ, ಅವರನ್ನು ಪ್ರಶ್ನಿಸುವ ಕಟಕಟೆ ಇನ್ನೊಂದು ಊರಿನಲ್ಲಿ. ನಡುವಿನ ದಾರಿ ಸುಮಾರು ಇನ್ನೂರು ಕಿಲೋಮೀಟರು. ಈ ದಾರಿಯಲ್ಲಿ ನಡೆದವರ ಕಥೆಯನ್ನು ವಾಚಕರ ಮುಂದಿಡುತ್ತೇವೆ.

ಸೋತವನ ಮೊಕದ್ದಮೆ

ಮೊದಲು ಕಾಸರಗೋಡಿನವರಿಗೆ ಪರಿಚಿತವಾದ ಹೆಸರಿನಿಂದ ಆರಂಭಿಸೋಣ. 1957, 1962 ಮತ್ತು 1967ರ ಚುನಾವಣೆಗಳಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಬಂದ ಎ.ಕೆ. ಗೋಪಾಲನ್ ಅವರು ಅದಕ್ಕೂ ಮೊದಲು, 1950ರಲ್ಲಿ, ಮದರಾಸು ಸರಕಾರದ ಸೆರೆಯಾಳಾಗಿದ್ದರು. 1947ರ ಡಿಸೆಂಬರಿನಿಂದ ಅವರನ್ನು ಒಂದಲ್ಲ ಒಂದು ಆಜ್ಞೆಯ ಮೇರೆಗೆ ಸೆರೆಯಲ್ಲಿ ಇಡಲಾಗಿತ್ತು. ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂದಿತು. ಗೋಪಾಲನ್ ಸೆರೆಯಿಂದಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಪ್ರಾಣ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸುವ 21ನೆಯ ವಿಧಿಯನ್ನು ಸುಪ್ರೀಂ ಕೋರ್ಟು ಮೊದಲ ಬಾರಿಗೆ ಕೂಲಂಕಷವಾಗಿ ಪರಿಶೀಲಿಸಿದ್ದು ಈ ಮೊಕದ್ದಮೆಯಲ್ಲಿ.

ಗೋಪಾಲನ್ ಸೋತರು. ಶಾಸನಸಭೆ ಮಾಡಿದ ಕಾನೂನಿನ ಪ್ರಕಾರ ನಡೆದಿದ್ದರೆ ಸಾಕು, ಆ ಕಾನೂನು ನ್ಯಾಯವಾದದ್ದೇ ಎಂದು ನೋಡುವ ಕೆಲಸ ನ್ಯಾಯಾಲಯದ್ದಲ್ಲ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ಆದರೂ ಒಂದು ಸಣ್ಣ ಗೆಲುವು ಸಿಕ್ಕಿತು. ಬಂಧನದ ಕಾರಣಗಳನ್ನು ನ್ಯಾಯಾಲಯದ ಮುಂದೆಯೂ ಬಾಯಿ ಬಿಡಬಾರದು ಎಂಬ ಕಲಮೊಂದು ಆಗಿನ ಮುಂಜಾಗ್ರತಾ ಬಂಧನ ಕಾಯಿದೆಯಲ್ಲಿತ್ತು. ಅದನ್ನು ನ್ಯಾಯಾಲಯ ರದ್ದುಮಾಡಿತು.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ವಿಷಯದಲ್ಲಿ ಗಾದೆ ಸುಳ್ಳಾಯಿತು. 28 ವರ್ಷಗಳ ನಂತರ, 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಸಮ್ಮತವೂ ಆಗಿರಬೇಕೆಂದು ಸುಪ್ರೀಂ ಕೋರ್ಟೇ ಹೇಳಿತು. ಗೋಪಾಲನ್ ಅವರು ಅದನ್ನು ನೋಡಲಿಲ್ಲ. 1977ರ ಮಾರ್ಚಿಯಲ್ಲಿ ತೀರಿಕೊಂಡಿದ್ದರು. ಆ ತಿಂಗಳಿನಲ್ಲಿಯೇ ಎರ್ನಾಕುಳಂನಲ್ಲಿ ಇನ್ನೊಬ್ಬರ ಅರ್ಜಿ ದಾಖಲಾಗುತ್ತಿತ್ತು.

ಒಬ್ಬ ತಂದೆಯ ಅಲೆದಾಟ

ಕೋಳಿಕ್ಕೋಡಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ರಾಜನ್ ಎಂಬ ವಿದ್ಯಾರ್ಥಿ ಕೊನೆಯ ವರ್ಷದಲ್ಲಿ ಓದುತ್ತಿದ್ದ. ತಂದೆ ಟಿ.ವಿ. ಈಚ್ಚರ ವಾರಿಯರ್ ಹಿಂದಿ ಅಧ್ಯಾಪಕರಾಗಿದ್ದವರು. ದೇಶದಲ್ಲಿ ತುರ್ತು ಪರಿಸ್ಥಿತಿ. 1976ರ ಫೆಬ್ರವರಿ 28ರಂದು ಕಾಯಣ್ಣ ಎಂಬಲ್ಲಿಯ ಪೊಲೀಸು ಠಾಣೆಯ ಮೇಲೆ ನಕ್ಸಲೀಯರ ದಾಳಿಯಾಯಿತು. ಮಾರ್ಚಿ 1ರ ಬೆಳಗಿನ ಜಾವ ಪೊಲೀಸರು ಕಾಲೇಜಿನ ವಿದ್ಯಾರ್ಥಿನಿಲಯಕ್ಕೆ ಬಂದು ರಾಜನ್ ಮತ್ತು ಇನ್ನೊಬ್ಬ ವಿದ್ಯಾರ್ಥಿಯನ್ನು ಕರೆದೊಯ್ದರು. ಅವನನ್ನು ಕೊಂಡುಹೋದದ್ದು ಕಕ್ಕಯಂನಲ್ಲಿ ತೆರೆದಿದ್ದ ಪೊಲೀಸು ಶಿಬಿರಕ್ಕೆ. ಅಲ್ಲಿ ‘ಉರುಟ್ಟಲ್’ ಎಂಬ ಹಿಂಸೆ ನಡೆಯುತ್ತಿತ್ತು. ನಮ್ಮ ‘ಉರುಳಿಸು’ ಎಂಬ ಮಾತಿನ ಬಳಗದ್ದೇ ಆ ಪದ: ಬೆಂಚಿಗೆ ಕಟ್ಟಿ ಮಲಗಿಸಿದವನ ತೊಡೆಯ ಮೇಲೆ ಭಾರವಾದ ಒನಕೆಯನ್ನು ಒತ್ತಿ ಉರುಳಿಸುವುದು. ರಾಜನ್ ಮರುದಿನವೇ, ಮಾರ್ಚಿ 2ರಂದು, ಪ್ರಾಣ ಬಿಟ್ಟ. ಇದು ಹೊರಗೆ ಬಂದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಮಗ ಸೆರೆಯಾದ ಸುದ್ದಿ ತಂದೆಗೆ ಪೊಲೀಸರಿಂದ ಬರಲಿಲ್ಲ. ಕಾಲೇಜಿನ ಪ್ರಾಂಶುಪಾಲರಾದ ಪ್ರೊ. ಬಹಾವುದ್ದೀನ್ ಅವರು ಪತ್ರ ಬರೆದು ತಿಳಿಸಿದರು. ಕಾನೂನು ಅವರಿಂದ ಅದನ್ನು ಕೇಳಿರಲಿಲ್ಲ. ತಮ್ಮ ವಿದ್ಯಾರ್ಥಿ ಎಂಬ ಕರ್ತವ್ಯದಿಂದ ಬರೆದ ಪತ್ರವದು. ಆ ಪತ್ರ ಬಾರದೆ ಹೋಗಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ವಾರಿಯರ್ ಶಿಬಿರಕ್ಕೆ ಹೋದರು, ಒಳಗೆ ಬಿಡಲಿಲ್ಲ. ತಿರುವನಂತಪುರಕ್ಕೆ ಹೋಗಿ ಗೃಹಮಂತ್ರಿ ಕೆ. ಕರುಣಾಕರನ್ ಅವರನ್ನು ಕಂಡರು, ಮುಖ್ಯಮಂತ್ರಿ ಅಚ್ಯುತ ಮೇನೋನ್ ಅವರನ್ನು ಕಂಡರು. ಅರ್ಜಿಗಳ ಮೇಲೆ ಅರ್ಜಿ ಬರೆದರು. ಅವರು ಎಲ್ಲೆಡೆಯೂ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಮಗ ಎಲ್ಲಿ? ಮನೆಯಲ್ಲಿ ತಾಯಿ ಮಗನ ದಾರಿ ಕಾಯುತ್ತ ಮನಸ್ಸಿನ ಸ್ಥಿಮಿತವನ್ನೇ ಕಳೆದುಕೊಂಡರು.

ನ್ಯಾಯಾಲಯಕ್ಕೆ ಏಕೆ ಹೋಗಲಿಲ್ಲ ಎಂದು ವಾಚಕರು ಕೇಳಬಹುದು. ಒಬ್ಬ ಮನುಷ್ಯನನ್ನು ಕಾನೂನಿಗೆ ವಿರುದ್ಧವಾಗಿ ಹಿಡಿದಿಟ್ಟಿದ್ದಾರೆ ಎನಿಸಿದರೆ, ‘ಅವನನ್ನು ನಮ್ಮ ಮುಂದೆ ತಂದು ನಿಲ್ಲಿಸಿ’ ಎಂದು ಸರಕಾರಕ್ಕೆ ಆಜ್ಞೆ ಮಾಡುವ ಅಧಿಕಾರ ಹೈಕೋರ್ಟಿಗೆ ಇದೆ. ಹೇಬಿಯಸ್ ಕಾರ್ಪಸ್ ಎಂಬ ಹೆಸರಿನ ಅರ್ಜಿ ಅದು. ಆದರೆ ತುರ್ತು ಪರಿಸ್ಥಿತಿಯಲ್ಲಿ ಆ ಬಾಗಿಲಿಗೆ ಬೀಗ ಬಿದ್ದಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದು ಬಹುಮತದಿಂದ, ತುರ್ತು ಪರಿಸ್ಥಿತಿ ಇರುವ ತನಕ ಇಂಥ ಅರ್ಜಿಯನ್ನು ಯಾರೂ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ.

ಈ ಪಾಪ ಕೇರಳದ್ದು ಮಾತ್ರ ಎಂದು ನಾವು ಹೇಳುವಂತಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಸೆರೆಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅಸ್ತಮಾ ರೋಗಿಯಾಗಿದ್ದ ಅವರನ್ನು 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟಾಗ ಬದುಕಿನ ದಿನಗಳು ಮುಗಿದಿದ್ದವು. ಜನವರಿ 20ರಂದು ತೀರಿಕೊಂಡರು. ಬೆಂಗಳೂರಿನಲ್ಲಿ ಸೆರೆಯಾಗಿದ್ದ ವಾಜಪೇಯಿ, ಅದ್ವಾನಿ ಮುಂತಾದ ನಾಯಕರ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಧೈರ್ಯದಿಂದ ಹೇಳಿದ ಹೈಕೋರ್ಟುಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಂದಾಗಿತ್ತು. ಸುಪ್ರೀಂ ಕೋರ್ಟಿನ ಆ ತೀರ್ಪು ಇಂಥ ಹೈಕೋರ್ಟುಗಳ ಆಜ್ಞೆಗಳನ್ನೆಲ್ಲ ತಳ್ಳಿಹಾಕಿತು.

ರಾಮಮೋಹನ ಅರಮನೆಯಲ್ಲಿ ಬಂದ ಉತ್ತರ

1977ರ ಮಾರ್ಚಿ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ನಾಲ್ಕೇ ದಿನಗಳಲ್ಲಿ, ಮಾರ್ಚಿ 25ರಂದು, ಈಚ್ಚರ ವಾರಿಯರ್ ಅವರ ಹೇಬಿಯಸ್ ಕಾರ್ಪಸ್ ಅರ್ಜಿ ಕೇರಳ ಹೈಕೋರ್ಟಿನಲ್ಲಿ ದಾಖಲಾಯಿತು. ಅದೇ ದಿನ ತಿರುವನಂತಪುರದಲ್ಲಿ ಕರುಣಾಕರನ್ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಆಗ ಹೈಕೋರ್ಟು ನಡೆಯುತ್ತಿದ್ದದ್ದು ಎರ್ನಾಕುಳಂನ ರಾಮಮೋಹನ ಅರಮನೆಯಲ್ಲಿ. ನ್ಯಾಯಮೂರ್ತಿಗಳಾದ ಸುಬ್ರಹ್ಮಣ್ಯನ್ ಪೋಟಿ ಮತ್ತು ಖಾಲಿದ್ ಅವರ ಪೀಠದ ಮುಂದೆ ವಿಚಾರಣೆಯಾಯಿತು. ರಾಜನ್‌ನನ್ನು ನಾವು ಹಿಡಿದೇ ಇಲ್ಲ ಎಂಬುದು ಸರಕಾರದ ವಾದ. ಪ್ರಾಂಶುಪಾಲರು ಸಾಕ್ಷಿ ಹೇಳಿದರು, ಸಹಪಾಠಿಗಳು ಸಾಕ್ಷಿ ಹೇಳಿದರು, ಕಕ್ಕಯಂ ಶಿಬಿರದಲ್ಲಿ ಇದ್ದು ಬಂದವರು ಸಾಕ್ಷಿ ಹೇಳಿದರು. ಏಪ್ರಿಲ್ 13ರಂದು ನ್ಯಾಯಾಲಯವು ಪೊಲೀಸರ ಮಾತನ್ನು ನಂಬಲಾಗದೆಂದು ಹೇಳಿ, ರಾಜನ್‌ನನ್ನು ತಂದು ಹಾಜರುಪಡಿಸುವಂತೆ ಸರಕಾರಕ್ಕೆ ಆಜ್ಞೆ ಮಾಡಿತು.

ಹಾಜರುಪಡಿಸಲು ರಾಜನ್ ಎಲ್ಲಿದ್ದ? ಅವನು ಪೊಲೀಸರ ವಶದಲ್ಲಿದ್ದಾಗಲೇ ಸತ್ತನೆಂದು ಸರಕಾರ ಕೊನೆಗೆ ಒಪ್ಪಿಕೊಳ್ಳಬೇಕಾಯಿತು. ಕರುಣಾಕರನ್ ಮುಖ್ಯಮಂತ್ರಿಯಾದ ಒಂದೇ ತಿಂಗಳಲ್ಲಿ, ಏಪ್ರಿಲ್ 25ರಂದು, ರಾಜೀನಾಮೆ ಕೊಟ್ಟರು. ಒಬ್ಬ ನಿವೃತ್ತ ಮೇಷ್ಟರ ಪ್ರಶ್ನೆ ಒಂದು ಮಂತ್ರಿಮಂಡಲವನ್ನೇ ಉರುಳಿಸಿತು.

ಆದರೆ ಇದನ್ನು ನಾವು ಗೆಲುವೆಂದು ಬರೆಯಲಾರೆವು. ರಾಜನ್‌ನ ಶವ ಸಿಗಲಿಲ್ಲ. ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ವಾರಿಯರ್ ತಮ್ಮ ನೋವನ್ನು ಒಂದು ಪುಸ್ತಕವಾಗಿ ಬರೆದಿಟ್ಟು, 2006ರ ಏಪ್ರಿಲ್ 13ರಂದು ಕಣ್ಣುಮುಚ್ಚಿದರು. ಹೈಕೋರ್ಟಿನ ಆಜ್ಞೆ ಬಂದು ಸರಿಯಾಗಿ ಇಪ್ಪತ್ತೊಂಬತ್ತು ವರ್ಷಗಳ ನಂತರ.

ಉಳಿದವರಿಗೆ ಮಾತ್ರ ಅವರಂಥವರ ಹೋರಾಟದ ಫಲ ಸಿಕ್ಕಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಪ್ರಕಾರ ತುರ್ತು ಪರಿಸ್ಥಿತಿಯಲ್ಲಿಯೂ ಪ್ರಾಣ ಮತ್ತು ಸ್ವಾತಂತ್ರ್ಯದ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ತಡೆಯುವಂತಿಲ್ಲ. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು 2017ರಲ್ಲಿ ಸ್ಪಷ್ಟವಾಗಿ ರದ್ದುಮಾಡಿತು; ಅದನ್ನು ರದ್ದುಮಾಡಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಪ್ರಾಂಶುಪಾಲರು ಕರ್ತವ್ಯವೆಂದು ಮಾಡಿದ ಕೆಲಸವನ್ನು ಕಾನೂನು ಈಗ ಪೊಲೀಸರ ಹೆಗಲಿಗೆ ಹೊರಿಸಿದೆ. 1996ರ ಡಿ.ಕೆ. ಬಸು ಮೊಕದ್ದಮೆಯ ತೀರ್ಪು ಮತ್ತು 2005ರ ತಿದ್ದುಪಡಿಯ ಮೂಲಕ, ದಸ್ತಗಿರಿಯಾದವನು ಹೆಸರಿಸಿದ ಬಂಧು ಅಥವಾ ಸ್ನೇಹಿತನಿಗೆ ಅವನು ಎಲ್ಲಿದ್ದಾನೆಂದು ತಿಳಿಸುವುದು ಕಡ್ಡಾಯವಾಯಿತು. ಬಂಧು ಬೇರೆ ಜಿಲ್ಲೆಯಲ್ಲಿದ್ದರೆ ಎಂಟರಿಂದ ಹನ್ನೆರಡು ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕೆಂದು ಆ ತೀರ್ಪು ಹೇಳುತ್ತದೆ. ಕುಂದಾಪುರದ ತಾಯಿಗೂ ಈ ಮಾತು ಅನ್ವಯಿಸುತ್ತದೆ.

ಪರಊರಿನವನಿಗೆ ಜಾಮೀನು ನಿಲ್ಲುವವರು ಯಾರು?

ನಮ್ಮಂಥವರಿಗೆ ಇನ್ನೊಂದು ಕಷ್ಟವಿದೆ. ಜಾಮೀನು ಮಂಜೂರಾದರೂ ಹೊಣೆ ನಿಲ್ಲುವವರು ಬೇಕಲ್ಲ? ಮನೆ, ಗದ್ದೆ, ನೆಂಟರು ಎಲ್ಲ ಊರಿನಲ್ಲಿ.

ಈ ಕಷ್ಟವನ್ನು ಕಂಡು ಮಾತಾಡಿದವರು ಎರ್ನಾಕುಳಂ ಜನರಿಗೆಲ್ಲ ಗೊತ್ತಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯಲ್ಲಿ ವಕೀಲರಾಗಿದ್ದ ಅವರು 1948ರಲ್ಲಿ ತಾವೇ ಸುಮಾರು ಒಂದು ತಿಂಗಳು ಸೆರೆಮನೆಯಲ್ಲಿದ್ದರು. 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿಯಾದರು. 1968ರಲ್ಲಿ ಕೇರಳ ಹೈಕೋರ್ಟಿನ, 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಲಾಕಪ್ಪನ್ನು ಒಳಗಿನಿಂದ ಕಂಡವರು ನ್ಯಾಯಪೀಠದಲ್ಲಿ ಕುಳಿತದ್ದರ ಫಲ ಅವರ ತೀರ್ಪುಗಳಲ್ಲಿ ಕಾಣುತ್ತದೆ.

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಅರ್ಜಿ ಅವರ ಮುಂದೆ ಬಂತು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಹೊಣೆ ಕೇಳಿದರು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಲು ಹೇಳಿದರು. ಆ ತೀರ್ಪಿನಲ್ಲಿ ಅವರು ಕೇಳಿದ ಪ್ರಶ್ನೆಯೊಂದರಲ್ಲಿ ನಮ್ಮ ಹೆಸರೇ ಇದೆ. ಒಬ್ಬ ಮಲೆಯಾಳಿಯೋ, ಕನ್ನಡಿಗನೋ, ತಮಿಳನೋ, ಆಂಧ್ರನೋ ದೂರದ ಬಸ್ತರಿನಲ್ಲಿ ಅಥವಾ ದಿಲ್ಲಿಯ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬುದೇ ಆ ಪ್ರಶ್ನೆಯ ತಾತ್ಪರ್ಯ. ಕೆಲಸ ಹುಡುಕಿಕೊಂಡು ಹೋದವನಿಗೂ ಇಡೀ ದೇಶ ಒಂದೇ ಎಂಬ ಮಾತಿಗೆ ಆ ತೀರ್ಪಿನಲ್ಲಿ ನಿಜವಾದ ಅರ್ಥ ಬಂತು.

ಅದೇ ವರ್ಷ ನಂದಿನಿ ಸತ್ಪತಿ ಮೊಕದ್ದಮೆಯಲ್ಲಿ, ಪೊಲೀಸರು ವಿಚಾರಿಸುವಾಗಲೂ ತನ್ನನ್ನು ತಾನೇ ಸಿಕ್ಕಿಸಿಕೊಳ್ಳುವ ಉತ್ತರ ಕೊಡಬೇಕಾಗಿಲ್ಲ, ವಕೀಲರನ್ನು ಬಯಸುವ ಹಕ್ಕು ಆಗಲೂ ಇದೆ ಎಂದು ಅವರೇ ಬರೆದರು. ನಿವೃತ್ತರಾದ ಮೇಲೆ ಎರ್ನಾಕುಳಂನ ‘ಸದ್ಗಮಯ’ ಎಂಬ ಮನೆಯಲ್ಲಿದ್ದ ಅವರು 2014ರ ಡಿಸೆಂಬರ್ 4ರಂದು, ತುಂಬು ವಯಸ್ಸಿನಲ್ಲಿ, ಇದೇ ಊರಿನಲ್ಲಿ ನಿಧನರಾದರು.

ತಿಳಿಯುವ ಭಾಷೆಯಲ್ಲಿ

ಈಗ ಆ ಹುಡುಗ ಓದಲಾರದೆ ಸಹಿ ಹಾಕಿದ ಕಾಗದದ ವಿಷಯಕ್ಕೆ ಬರೋಣ.

1962ರಲ್ಲಿಯೇ ಹರಿಕಿಸನ್ ಎಂಬ ನಾಗಪುರದ ಸೆರೆಯಾಳಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ಎದುರಿಸಿತ್ತು. ಬಂಧನದ ಕಾರಣಗಳನ್ನು ಅವನಿಗೆ ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ತನಗೆ ಇಂಗ್ಲಿಷು ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವನು ಕೇಳಿದ, ಕೊಡಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದು ಹೇಳಿದಂತಾಗುವುದಿಲ್ಲ ಎಂಬ ತತ್ವದ ಮೇಲೆ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅದು ಮುಂಜಾಗ್ರತಾ ಬಂಧನದ ಮೊಕದ್ದಮೆ. ಸಾಮಾನ್ಯ ಅಪರಾಧಗಳಿಗೂ ಈ ಮಾತು ಪೂರ್ಣವಾಗಿ ಬರಲು ಬಹುಕಾಲ ಹಿಡಿಯಿತು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಪರಾಧ ಯಾವುದೇ ಇರಲಿ, ದಸ್ತಗಿರಿಯ ಕಾರಣವನ್ನು ಬರಹದಲ್ಲಿ, ದಸ್ತಗಿರಿಯಾದವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಎಂದು ವಿಧಿಸಿತು. ನ್ಯಾಯಾಲಯದೊಳಗಾದರೋ ಈ ಹಕ್ಕು ಹಳೆಯದು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 1973ರ ಸಂಹಿತೆಯ 279ನೆಯ ಕಲಮಿನಲ್ಲಿಯೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

‘ನನಗೆ ಮಲೆಯಾಳ ಓದಲು ಬಾರದು, ಕನ್ನಡದಲ್ಲಿ ತಿಳಿಸಿ’ ಎಂದು ಕೇಳುವುದು ಉದ್ಧಟತನವಲ್ಲ, ಕೇರಳಕ್ಕೆ ಅಗೌರವವೂ ಅಲ್ಲ. ನಮ್ಮ ಮಕ್ಕಳು ಮಲೆಯಾಳ ಕಲಿಯಲೇಬೇಕು. ಉಣ್ಣುವ ಊರಿನ ಮಾತು ಬಾರದಿರುವುದು ನಮ್ಮ ಕೊರತೆಯೇ. ಆದರೆ ಆ ಕೊರತೆಗಾಗಿ ಯಾರೂ ಜೈಲಿಗೆ ಹೋಗಬಾರದು.

ತಿರುವನಂತಪುರದ ಐವತ್ತು ದಿನಗಳು

ಇದೆಲ್ಲ ಬಡವರ, ಓದಿಲ್ಲದವರ ಕಷ್ಟವೆಂದು ಬ್ಯಾಂಕು, ಕಾರ್ಖಾನೆ, ಕಾಲೇಜುಗಳಲ್ಲಿರುವ ನಮ್ಮ ಸದಸ್ಯರು ಭಾವಿಸಬಹುದು. ಅವರಿಗಾಗಿ ಇನ್ನೊಂದು ಕಥೆ.

1994ರ ಅಕ್ಟೋಬರಿನಲ್ಲಿ ತಿರುವನಂತಪುರದಲ್ಲಿ ಮಾಲ್ದೀವ್ಸಿನ ಒಬ್ಬ ಹೆಂಗಸನ್ನು ವೀಸಾ ಅವಧಿ ಮೀರಿದ ಕಾರಣಕ್ಕೆ ಹಿಡಿದರು. ಅಲ್ಲಿಂದ ಬೆಳೆದ ಕಥೆ, ಇಸ್ರೋ ಸಂಸ್ಥೆಯ ರಾಕೆಟ್ ರಹಸ್ಯಗಳ ಮಾರಾಟ ಎಂಬ ದೊಡ್ಡ ಸುದ್ದಿಯಾಯಿತು. ದ್ರವ ಇಂಧನದ ಎಂಜಿನುಗಳ ಕೆಲಸದಲ್ಲಿ ಹೆಸರಾದ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ನವೆಂಬರ್ 30ರಂದು ದಸ್ತಗಿರಿ ಮಾಡಿದರು. ಅವರು ಐವತ್ತು ದಿನ ಬಂಧನದಲ್ಲಿದ್ದರು. ಪತ್ರಿಕೆಗಳು ಅವರನ್ನು ದೇಶದ್ರೋಹಿಯೆಂದು ತೀರ್ಮಾನಿಸಿ ಆಗಿತ್ತು. ತನಿಖೆ ಸಿಬಿಐ ಕೈಗೆ ಹೋದ ಮೇಲೆ, ಇಡೀ ಆರೋಪಕ್ಕೆ ಆಧಾರವೇ ಇಲ್ಲವೆಂಬ ವರದಿ 1996ರಲ್ಲಿ ಎರ್ನಾಕುಳಂನ ನ್ಯಾಯಾಲಯಕ್ಕೆ ಸಲ್ಲಿಸಲ್ಪಟ್ಟು ಅಂಗೀಕಾರವಾಯಿತು. ರಾಜ್ಯ ಸರಕಾರ ಮತ್ತೆ ತನಿಖೆಗೆ ಹೊರಟಿತು. 1998ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ನಾರಾಯಣನ್ ಬಿಡುಗಡೆಯಷ್ಟಕ್ಕೆ ಸುಮ್ಮನಾಗಲಿಲ್ಲ. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು, ಅವರ ದಸ್ತಗಿರಿ ಅನವಶ್ಯಕವಾಗಿತ್ತೆಂದು ಹೇಳಿ, ಐವತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ ಅವರಿಗೆ ಪದ್ಮಭೂಷಣ ಬಂತು.

ಇದೇ ಮೊಕದ್ದಮೆಯಲ್ಲಿ ಬೆಂಗಳೂರಿನ ಕೆ. ಚಂದ್ರಶೇಖರ್ ಎಂಬವರೂ ಆರೋಪಿಯಾಗಿದ್ದರು. ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದವರು. ಅವರೂ ಜೈಲು ಕಂಡರು, ಅವಮಾನ ಉಂಡರು. ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದರು. ಎರಡು ದಿನಗಳಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದ ಮಾತು ಅವರ ಕಿವಿಗೆ ಬೀಳಲಿಲ್ಲ.

ಬಡವನಾದ ಉದಯಕುಮಾರನ ಕಥೆ ಇನ್ನೂ ಕರುಣಾಜನಕ. 2005ರ ಸೆಪ್ಟೆಂಬರಿನಲ್ಲಿ, ಓಣಂ ಕಾಲದಲ್ಲಿ, ಜೇಬಿನಲ್ಲಿ ನಾಲ್ಕು ಸಾವಿರ ರೂಪಾಯಿ ಇತ್ತೆಂಬ ಸಂಶಯದ ಮೇಲೆ ತಿರುವನಂತಪುರದ ಕೋಟೆ ಠಾಣೆಗೆ ಕರೆದೊಯ್ಯಲ್ಪಟ್ಟ ಅವನು ಜೀವಂತ ಹಿಂದಿರುಗಲಿಲ್ಲ. ಕಕ್ಕಯಂನ ಒನಕೆಯ ಬದಲಿಗೆ ಇಲ್ಲಿ ಕಬ್ಬಿಣದ ಕೊಳವೆ ಎಂಬುದು ಆರೋಪ. ಅವನ ತಾಯಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಸಿಬಿಐ ನ್ಯಾಯಾಲಯ ಇಬ್ಬರು ಪೊಲೀಸರಿಗೆ ಮರಣದಂಡನೆ ವಿಧಿಸಿತು. 2025ರಲ್ಲಿ ಹೈಕೋರ್ಟು ತನಿಖೆಯ ದೋಷಗಳನ್ನು ಎತ್ತಿ ತೋರಿಸಿ ಆರೋಪಿಗಳನ್ನು ಖುಲಾಸೆ ಮಾಡಿತು. ತಡವಾಗಿ ಕೇಳಿದ ಪ್ರಶ್ನೆಗೆ ನ್ಯಾಯಾಲಯವೂ ಉತ್ತರ ಕೊಡಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಏಟಿನ ಗುರುತು, ಸಾಕ್ಷಿಯ ನೆನಪು, ಠಾಣೆಯ ಪುಸ್ತಕ — ಇವೆಲ್ಲ ಮೊದಲ ದಿನ ಇದ್ದಂತೆ ಹತ್ತನೆಯ ವರ್ಷ ಇರುವುದಿಲ್ಲ.

ನಾವು ನೆನಪಿಡಬೇಕ��ದದ್ದು

ಮೇಲಿನ ಚರಿತ್ರೆಯಿಂದ ಸಂಸಾರವಂದಿಗರಾದ ನಾವು ಎತ್ತಿಕೊಳ್ಳಬೇಕಾದ ಮಾತುಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ. ಇವು ವಕೀಲರ ಸಲಹೆಗೆ ಬದಲಲ್ಲ. ವಕೀಲರು ಬರುವ ತನಕ ಕೈಯಲ್ಲಿ ಹಿಡಿಯಬೇಕಾದ ದೀಪ.

ಮೊದಲನೆಯದು, ‘ಬೆಳಗಾಗಲಿ’ ಎನ್ನಬಾರದು. ಇಬ್ಬರು ಹೋಗಿ ವಿನಯದಿಂದ ಕೇಳಬೇಕು: ಯಾವ ಠಾಣೆ, ಯಾವ ಆರೋಪ, ದಸ್ತಗಿರಿ ಆಗಿದೆಯೇ ಅಥವಾ ವಿಚಾರಣೆಗೆ ಮಾತ್ರ ಕರೆದದ್ದೇ? ದಸ್ತಗಿರಿಯಾಗಿದ್ದರೆ ಮೆಮೊ ಬರೆದಿರಬೇಕು. ಅದರಲ್ಲಿ ದಿನ, ಗಂಟೆ, ಸಾಕ್ಷಿಯ ಸಹಿ ಇರಬೇಕು. ಕೇಳಿದ ಗಂಟೆಯನ್ನು ನೀವೂ ಬರೆದಿಟ್ಟುಕೊಳ್ಳಿ.

ಎರಡನೆಯದು, ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ಹೊಡೆತ ಬಿದ್ದಿದ್ದರೆ ಅಲ್ಲಿ ಹೇಳಬೇಕು. ವೈದ್ಯರ ಪರೀಕ್ಷೆ ಕೇಳಬೇಕು. ಹೆದರಿ ನುಂಗಿಕೊಂಡರೆ ಮುಂದೆ ಸಾಬೀತುಪಡಿಸುವುದು ಕಷ್ಟ.

ಮೂರನೆಯದು, ಬರಿಯ ಕಾಗದಕ್ಕೆ, ಓದಲಾರದ ಬರಹಕ್ಕೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಹೇಳಿದವನ ಸಹಿ ಪಡೆಯುವಂತೆಯೇ ಇಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ಮೇಲೆ ಸಾಕ್ಷ್ಯವಾಗಿ ಬಳಸಲಾಗದು ಎಂಬುದು 1872ರ ಸಾಕ್ಷ್ಯ ಕಾಯಿದೆಯಿಂದ ಬಂದು ಇಂದಿಗೂ ಉಳಿದಿರುವ ನಿಯಮ.

ನಾಲ್ಕನೆಯದು, ಠಾಣೆಗೆ ಬರಲು ನೋಟೀಸು ಬಂದರೆ ಊರಿಗೆ ಓಡಬೇಡಿ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಕೂಡಲೇ ದಸ್ತಗಿರಿ ಮಾಡದೆ ನೋಟೀಸು ಕೊಡಬೇಕೆಂಬ ಕ್ರಮವನ್ನು ಸುಪ್ರೀಂ ಕೋರ್ಟು 2014ರಲ್ಲಿ ಬಿಗಿಗೊಳಿಸಿದೆ. ನೋಟೀಸಿಗೆ ಓಗೊಟ್ಟವನಿಗೆ ರಕ್ಷಣೆಯಿದೆ. ಓಡಿದವನು ಅದನ್ನು ತಾನೇ ಕಳೆದುಕೊಳ್ಳುತ್ತಾನೆ. ಹೆಂಗಸರನ್ನು ವಿಚಾರಣೆಗಾಗಿ ಠಾಣೆಗೆ ಕರೆಸುವಂತಿಲ್ಲ, ಮನೆಯಲ್ಲಿಯೇ ವಿಚಾರಿಸಬೇಕು. ಸೂರ್ಯಾಸ್ತದ ಮೇಲೆ ಹೆಂಗಸರನ್ನು ದಸ್ತಗಿರಿ ಮಾಡುವುದು, ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ, ಕೂಡದು.

ಐದನೆಯದು, ಹಣವಿಲ್ಲ ಎಂದು ವಕೀಲರಿಲ್ಲದೆ ನಿಲ್ಲಬೇಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ. ಕೇರಳದ ಪ್ರಾಧಿಕಾರದ ಕಚೇರಿ ಎರ್ನಾಕುಳಂನ ಹೈಕೋರ್ಟಿನ ಆವರಣದಲ್ಲಿಯೇ ಇದೆ. ದೇಶಕ್ಕೆಲ್ಲ ಒಂದೇ ಫೋನು ಸಂಖ್ಯೆ 15100.

‘ಹಾಗಾದರೆ ಕಳ್ಳರಿಗೂ ಇಷ್ಟು ಉಪಚಾರವೇ?’ ಎಂದು ನಮ್ಮ ಸಭೆಯೊಂದರಲ್ಲಿ ಒಬ್ಬರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ. ಅದನ್ನು ನ್ಯಾಯಾಲಯ ವಿಧಿಸಲಿ. ಆದರೆ ದಸ್ತಗಿರಿಯ ರಾತ್ರಿ ಯಾರು ಕಳ್ಳ, ಯಾರು ರಾಜನ್, ಯಾರು ನಂಬಿ ನಾರಾಯಣನ್ ಎಂದು ಹೇಳಬಲ್ಲವರು ಯಾರೂ ಇಲ್ಲ. ಅದಕ್ಕಾಗಿಯೇ ಈ ಹಕ್ಕುಗಳು ಎಲ್ಲರಿಗೂ ಇವೆ.

ಈ ಹಕ್ಕುಗಳಲ್ಲಿ ಒಂದೂ ತಾನಾಗಿ ಬಂದದ್ದಲ್ಲ. ಯಾರೋ ಒಬ್ಬರು ಬಾಗಿಲಿಗೆ ಹೋಗಿ ಕೇಳಿದಾಗ ಬಂದದ್ದು. ರಾಜನ್‌ಗಾಗಿ ಕೇಳಲು ತಂದೆಯಿದ್ದರು. ಊರು ಬಿಟ್ಟು ಬಂದ ಹುಡುಗನ ತಂದೆ ಐನೂರು ಕಿಲೋಮೀಟರು ಆಚೆ ಇರುತ್ತಾರೆ. ಅವರು ರೈಲು ಹತ್ತಿ ಬರುವ ತನಕ ಆ ಮಾತನ್ನು ಕೇಳಬೇಕಾದವರು ನಾವೇ. ಆ ರಾತ್ರಿ ಸುಮ್ಮನಿದ್ದ ನಾಲ್ವರಲ್ಲಿ ಇಬ್ಬರು ಈಗ ತಮ್ಮ ಫೋನು ಸಂಖ್ಯೆಯನ್ನು ಹೋಟೆಲು ಹುಡುಗರಿಗೆಲ್ಲ ಬರೆದುಕೊಟ್ಟಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಅದು ಮೊಳಗಿದರೆ ಎದ್ದು ಅಂಗಿ ತೊಟ್ಟು ಹೊರಡುತ್ತಾರೆ. ಏನು ಕೇಳಬೇಕೆಂಬುದು ಈಗ ಅವರಿಗೆ ಗೊತ್ತಿದೆ.